ಮೂರು ಕಣ್ಣಿನ ಐಕಾನು

ಕೋಡಿಪಾಳ್ಯ ತೆಂಗು ಬೆಳೆಗಾರರ ಸಂಘದ ಅಧ್ಯಕ್ಷ ರೇವಣಸಿದ್ದಯ್ಯನವರಿಗೆ ಕಂಪ್ಯೂಟರಿನ ಪರದೆಯ ಮೇಲಿದ್ದ ಚಿತ್ರಗಳೆಲ್ಲ ಒಂದೇ ಥರ ಕಾಣುತ್ತಿದ್ದುದೇ ಆಪರೇಟರ್ ಭೀಮರಾಜುವಿನ ಗ್ರಹಚಾರಕ್ಕೆ ಮೂಲ.

"ಎಲ್ಲಾ ನೀಲಿ ಚೌಕ ಕಣಯ್ಯ. ಒಂದ್ ಒತ್ತುದ್ರೆ ಇನ್ನೊಂದ್ ಬತ್ತದೆ," ಎಂದು ಅವರು ಹಿಂದಿನ ವಾರ ಗೊಣಗಿದ್ದರು. "ಸೋಮವಾರ ಬೆಂಬಲ ಬೆಲೆಯ ಕೊಬ್ಬರಿ ನೋಂದಣಿ ಶುರು. ಮೊದಲ್ನೇ ಸಲ ನಾನೇ ಒತ್ತಬೇಕು. ಊರೆಲ್ಲ ನೋಡ್ತಿರ್ತದೆ. ಆ ಏಕಾಂತಯ್ಯ ಅಂತೂ ನಾನ್ ಯಾವಾಗ ತಪ್ಪು ಒತ್ತುತೀನಿ ಅಂತ ಬಾಗ್ಲಲ್ಲೇ ಕಾಯ್ತಿರ್ತಾನೆ. ನಂಗೆ ಗುರುತು ಸಿಗೋ ಹಂಗೆ ಏನಾದ್ರೂ ಮಾಡು. ಎಲ್ಲಾ ಸುಸೂತ್ರ ನಡುದ್ರೆ ಅವತ್ತು ಸಾಯಂಕಾಲದ ಮೀಟಿಂಗಲ್ಲೇ ನಿನ್ನ ಖಾಯಂ ಮಾಡಿಸ್ತೀನಿ."

ಖಾಯಂ ಎಂಬ ಮಾತು ಕಿವಿಗೆ ಬಿದ್ದದ್ದೇ ಭೀಮರಾಜುವಿನ ಬೆನ್ನು ನೆಟ್ಟಗಾಯಿತು. ಹೆಸರು ಭೀಮರಾಜುವಾದರೂ ಆಳು ತೆಂಗಿನ ಗರಿಯ ಕಡ್ಡಿ. ಸಂಘಕ್ಕೆ ಕಂಪ್ಯೂಟರ್ ಬಂದ ದಿನದಿಂದಲೂ ಹಂಗಾಮಿ. ತುರುವೇಕೆರೆ ಕಡೆಯ ಹೆಣ್ಣಿನವರು ಮನೆಗೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಡುತ್ತ, "ಖಾಯಂ ಆದ ದಿನ ಒಂದ್ ಫೋನ್ ಹಾಕಿ" ಎಂದು ಹೇಳಿ ಹೋಗಿದ್ದರು. ಹುಡುಗಿ ಮಂಗಳಾ ಹೊಸಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ್ದಳು. ಆ ಒಂದು ನೋಟವನ್ನೇ ಹಂಗಾಮಿಯಾಗಿ ಇಟ್ಟುಕೊಂಡು ಅವನು ದಿನ ನೂಕುತ್ತಿದ್ದ.

ಶನಿವಾರ ಭಾನುವಾರ ಎರಡೂ ದಿನ ಅವನು ಕಚೇರಿಯಲ್ಲೇ ಕೂತ. ಐಕಾನು ಮಾಡುವುದೆಂದರೆ ಮೂವತ್ತೆರಡು ಚುಕ್ಕೆ ಅಗಲ, ಅಷ್ಟೇ ಎತ್ತರದ ಚೌಕಟ್ಟಿನಲ್ಲಿ ಒಂದೊಂದೇ ಚುಕ್ಕೆಗೆ ಬಣ್ಣ ತುಂಬುವುದು. ಅವನ ಅವ್ವ ಬಾಗಿಲಲ್ಲಿ ಹಾಕುವ ಚುಕ್ಕಿ ರಂಗೋಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ; ಇಲ್ಲಿ ಕೋಳಿ ಬಂದು ಕೆದಕುವುದಿಲ್ಲ, ಅಷ್ಟೇ. ಲೆಕ್ಕಪತ್ರಕ್ಕೆ ತಕ್ಕಡಿ ಬರೆದ. ಕಸದ ಡಬ್ಬಿಯನ್ನು ತೆಗೆದು ಬಿದಿರು ಕುಕ್ಕೆ ಇಟ್ಟ. ಇಂಟರ್ನೆಟ್ಟಿಗೆ ಶೆಟ್ಟಿಕೆರೆ ಬಸ್ಸಿನ ಚಿತ್ರ ಹಾಕಿದ. ಎರಡೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊಬ್ಬರಿ ನೋಂದಣಿಗೆ ಮಾತ್ರ ತೆಂಗಿನಕಾಯಿಯೇ ಆಗಬೇಕೆಂದು ಹಟ ಹಿಡಿದ.

ಮೊದಲ ಕಾಯಿ ರಾಗಿಮುದ್ದೆಯಾಯಿತು. ಎರಡನೆಯದು ಕಂದು ಬಣ್ಣದ ಕ್ರಿಕೆಟ್ ಚೆಂಡು. ಬರೀ ದುಂಡಗಿದ್ದರೆ ಕಾಯಿಯಾಗುವುದಿಲ್ಲ ಎಂದು ಅವನಿಗೆ ಹೊಳೆದದ್ದು ಭಾನುವಾರ ಸಂಜೆ. ತಲೆಯ ಮೇಲೆ ಜುಟ್ಟು ಬರೆದ. ಕಾಯಿಗೆ ಇರುವ ಮೂರು ಕಣ್ಣುಗಳನ್ನು, ಮೇಲೆ ಒಂದು, ಕೆಳಗೆ ಎರಡು, ಕಪ್ಪು ಚುಕ್ಕೆಗಳಲ್ಲಿ ಇಟ್ಟ. ಹೊಳಪು ಬರಲೆಂದು ಕೆನ್ನೆಯ ಹತ್ತಿರ ಒಂದೆರಡು ಬಿಳಿ ಚುಕ್ಕೆ ಇಟ್ಟ. ಕೊನೆಯ ಚುಕ್ಕೆ ಇಟ್ಟು ಕುರ್ಚಿ ಹಿಂದಕ್ಕೆ ತಳ್ಳಿ ನೋಡಿದರೆ, ಅಲ್ಲಿಯವರೆಗೆ ಬರೀ ಬಣ್ಣದ ಚೌಕಗಳಾಗಿದ್ದದ್ದು ಥಟ್ಟನೆ ಒಂದಾಗಿ ಅವನನ್ನೇ ನೋಡುತ್ತಿತ್ತು. ಭೀಮರಾಜು ಬೆರಗಾಗಿ ಹೋದ. ತಾನೇ ಮಾಡಿದ್ದು, ಆದರೂ ತನ್ನಿಂದ ಆದದ್ದಲ್ಲವೇನೋ ಎಂಬಂತೆ ಬಹಳ ಹೊತ್ತು ನೋಡುತ್ತ ಕೂತು, ಅದನ್ನು ನೋಂದಣಿ ತಂತ್ರಾಂಶಕ್ಕೆ ಅಂಟಿಸಿ, ದೀಪ ಆರಿಸಿ ಮನೆಗೆ ಹೋದ.

ಸೋಮವಾರ ಅವನು ಕಚೇರಿಗೆ ಬರುವ ಹೊತ್ತಿಗೆ ಕಸ ಗುಡಿಸುವ ಬೋರಮ್ಮ ಮೇಜಿನ ಮುಂದೆ ಮಂಡಿಯೂರಿ ಕೂತಿದ್ದಳು. ಪೊರಕೆ ಮೂಲೆಯಲ್ಲಿ ಬಿದ್ದಿತ್ತು. ಕಂಪ್ಯೂಟರ್ ಚಾಲೂ ಮಾಡಿಡುವುದು ಅವಳ ಕೆಲಸವೇ. ಇವತ್ತು ಅದರ ಹಣೆಗೆ ಕುಂಕುಮ ಇಡುವುದನ್ನೂ ಮಾಡಿದ್ದಳು.

"ಏನ್ ಬೋರಕ್ಕ ಇದು?"

"ಚಪ್ಲಿ ಬುಟ್ಟು ಬಾರಪ್ಪ ಮೊದ್ಲು!" ಎಂದು ಅವಳು ಗದರಿದಳು. "ಅಮ್ಮ ಬಂದವ್ಳೆ."

"ಯಾವ ಅಮ್ಮ?"

"ಯಾವ ಅಮ್ಮ ಅಂತೀಯಲ್ಲೋ, ಕಣ್ಣಿಲ್ವಾ? ಕೋಡಿಯಮ್ಮ!"

ಕೋಡಿಯಮ್ಮ ಊರ ದೇವತೆ. ಕೆರೆಯ ಕೋಡಿಯ ಪಕ್ಕ ಅವಳ ಗುಡಿ. ಪೂಜಾರಿ ದುರ್ಗಯ್ಯನ ಮನೆತನದವರನ್ನು ಬಿಟ್ಟು ಒಳಗೆ ಯಾರೂ ಕಾಲಿಡುವಂತಿಲ್ಲ, ಅವಳನ್ನು ಮುಟ್ಟುವಂತಿಲ್ಲ, ಫೋಟೋ ಹೊಡೆಯುವಂತಿಲ್ಲ. ಹೊಸಿಲಿನ ಆಚೆ ನಿಂತವರಿಗೆ ಎಣ್ಣೆದೀಪದ ಬೆಳಕಿನಲ್ಲಿ ದೂರದಿಂದ ಹೆಬ್ಬೆಟ್ಟಿನಷ್ಟು ಮುಖ ಕಾಣುತ್ತದೆ. ಮಸಿ ಹಿಡಿದ ದುಂಡು ಬೆಳ್ಳಿ ಮುಖ, ನೆತ್ತಿಯ ಮೇಲೆ ಮುಡಿ, ಹಣೆಯ ಮೇಲೊಂದು ಕಣ್ಣು, ಕೆಳಗೆ ಎರಡು.

ಭೀಮರಾಜು ಪರದೆಯನ್ನು ನೋಡಿದ. ಹೆಬ್ಬೆಟ್ಟಿನಷ್ಟೇ ಇತ್ತು.

"ಬೋರಕ್ಕ, ಅದು ಕಾಯಿ. ತೆಂಗಿನಕಾಯಿ. ನಾನೇ ಬರ್ದಿದ್ದು."

ಬೋರಮ್ಮ ಅವನನ್ನು ಕರುಣೆಯಿಂದ ನೋಡಿದಳು. "ನೀನ್ ಬರ್ದೆ ಅಂದ್ಕಂಡಿದ್ದೀಯ. ಅವ್ಳು ಬರ್ಸವ್ಳೆ."

ಅಷ್ಟರಲ್ಲಿ ಪಹಣಿ, ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದ ಬೆಳೆಗಾರರ ಸಾಲು ಬಾಗಿಲಿನಿಂದ ಅರಳಿಕಟ್ಟೆಯವರೆಗೆ ಬೆಳೆದಿತ್ತು. ಬೋರಮ್ಮನ ಮಾತು ಸಾಲಿನ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಬಾಗಿಲ ಹೊರಗೆ ಚಪ್ಪಲಿಯ ಗುಡ್ಡೆ ಬಿದ್ದಿತ್ತು. ಗಲಾಟೆ ಮಾಡಲೆಂದೇ ಬಂದಿದ್ದವರು ಸಹ ಒಳಗೆ ಬಂದು, ಕತ್ತು ಚಾಚಿ ನೋಡಿ, ಕೆನ್ನೆ ಬಡಿದುಕೊಂಡು ದನಿಯಿಲ್ಲದೆ ಹಿಂದೆ ಸರಿದರು. ಇಷ್ಟು ನಿಶ್ಶಬ್ದವಾಗಿ ಆ ಸಂಘದಲ್ಲಿ ಯಾವ ಕೆಲಸವೂ ನಡೆದಿರಲಿಲ್ಲ.

ರೇವಣಸಿದ್ದಯ್ಯನವರು ಗರಿಗರಿ ಬಿಳಿ ಅಂಗಿ ತೊಟ್ಟು ಬಂದರು. ಪರದೆ ನೋಡಿ ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಭಲೇ ಭೀಮರಾಜು! ಗುರುತು ಸಿಗೋ ಹಂಗೆ ಮಾಡು ಅಂದ್ರೆ ಸಾಕ್ಷಾತ್ ಅಮ್ಮನ್ನೇ ಕೂರ್ಸಿದ್ದೀಯಲ್ಲಯ್ಯ!"

"ಅಧ್ಯಕ್ಷ್ರೇ, ಅದು..."

"ಮಾತಾಡ್ಬೇಡ. ನೀನು ಖಾಯಂ ಅಂತ್ಲೇ ತಿಳ್ಕ."

ಆ ಮಾತು ಕೇಳಿದ ಮೇಲೆ ಸತ್ಯ ಹೇಳಲು ಭೀಮರಾಜುವಿನ ನಾಲಗೆ ಏಳಲಿಲ್ಲ. ಒಂದು ಸಲ ಒತ್ತಿಬಿಟ್ಟರೆ ಮುಗಿಯಿತು, ಆಮೇಲೆ ಅಮ್ಮನೋ ಕಾಯಿಯೋ ಯಾರಿಗೆ ಬೇಕು ಎಂದುಕೊಂಡ. ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಮೌಸನ್ನು ಹಿಡಿದರು. ಬಾಣದ ಗುರುತು ಪರದೆಯ ಮೇಲೆ ಕುಡಿದವನ ಹಾಗೆ ತೂರಾಡುತ್ತ ಹೋಗಿ, ಐಕಾನಿನ ಎಡಗಣ್ಣಿನ ಮೇಲೆ ತುದಿಯೂರಿ ನಿಂತಿತು.

"ಎರಡ್ ಸಲ ಒತ್ತಿ," ಎಂದ ಭೀಮರಾಜು.

"ನಿಲ್ಲಿ!" ಬಾಗಿಲಿನಿಂದ ಗುಡುಗಿದವನು ಏಕಾಂತಯ್ಯ. ಹಿಂದಿನ ಚುನಾವಣೆಯಲ್ಲಿ ರೇವಣಸಿದ್ದಯ್ಯನವರ ಎದುರು ಸೋತವನು. ಊರಿಗೆಲ್ಲ ದೊಡ್ಡ ತೋಟ ಅವನದು. "ಅಧ್ಯಕ್ಷ್ರು ಅಮ್ಮನ ಕಣ್ಣಿಗೆ ಬಾಣ ಇಕ್ಕವ್ರೆ. ಅದೂ ಎರಡೆರಡ್ ಸಲ ಚುಚ್ಚುತಾರಂತೆ. ಎಲ್ಲಾ ನೋಡ್ಕಳ್ರಪ್ಪಾ!"

ಅಧ್ಯಕ್ಷರ ಕೈ ಕೆಂಡ ಮುಟ್ಟಿದಂತೆ ಮೌಸಿನಿಂದ ಹಾರಿತು. ಹಣೆಯ ಬೆವರು ಗರಿಗರಿ ಕಾಲರಿಗೆ ಇಳಿಯಿತು. "ಯಾಕಯ್ಯ ಭೀಮರಾಜು, ನನ್ ಕೈಲಿ ಇಂಥ ಕೆಲ್ಸ ಮಾಡುಸ್ತೀಯಾ?"

ಭೀಮರಾಜುವಿಗೆ ಈಗ ಬೇರೆ ದಾರಿಯಿರಲಿಲ್ಲ. "ಏಕಾಂತಯ್ಯನೋರೇ, ಅದು ಅಮ್ಮ ಅಲ್ಲ ಕಣ್ರೀ. ಕಾಯಿ. ಸರಿಯಾಗಿ ನೋಡಿ."

ಏಕಾಂತಯ್ಯ ಹತ್ತಿರ ಬಂದು ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನ ದನಿಯ ಗತ್ತು ಇಳಿದುಹೋಯಿತು. "ನಾನ್ ಹುಟ್ಟಿದಾಗಿಂದ ಕಾಯಿ ನೋಡ್ತಾ ಇದೀನಿ ಕಣ್ಲಾ. ಕಾಯಿ ಯಾವ್ದು ಅಂತ ನೀನ್ ನಂಗೆ ಹೇಳ್ಕೊಡ್ತೀಯಾ? ಕಾಯ್ನ ನಾವ್ ನೋಡ್ತೀವಿ. ಇದು ನನ್ನೇ ನೋಡ್ತಾ ಐತೆ."

ಲಕ್ಷಾಂತರ ಕಾಯಿ ಕೆಡವಿಸಿದ ಮನುಷ್ಯನ ಬಾಯಲ್ಲಿ ಈ ಮಾತು ಬಂದ ಮೇಲೆ ಇನ್ನು ವಾದವೇನು ಉಳಿಯಿತು? ಭೀಮರಾಜು ಬೇರೆ ಉಪಾಯ ಹುಡುಕಿದ. "ಆ ಚಿತ್ರ ತೆಗ್ದು ಹಳೇದೇ ಹಾಕ್ಬಿಡ್ತೀನಿ."

"ಕೂತಿರೋ ಅಮ್ಮನ್ನ ಎಬ್ಬುಸ್ತೀಯಾ?" ಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೋಗ್ಲಿ, ಅದನ್ನ ಮುಟ್ಟದೇ ಬ್ಯಾಡ. ಕೆಳಗಡೆ ಸ್ಟಾರ್ಟ್ ಅಂತ ಇದೆ, ಅಲ್ಲಿಂದ್ಲೂ ಒಳಗೆ ಹೋಗಬೋದು."

"ಅಮ್ಮ ಮುಂದ್ಗಡೆ ಕೂತವ್ಳೆ, ಇವ್ನು ಹಿಂಬಾಗ್ಲಲ್ಲಿ ನುಗ್ತಾನಂತೆ," ಎಂದು ಸಾಲಿನಲ್ಲಿ ಯಾರೋ ಅಂದರು. ಜನ ಹೌದೌದೆಂದರು.

ಕೊನೆಗೆ ಭೀಮರಾಜು ಹತಾಶನಾಗಿ, "ಬೇಕಾದ್ರೆ ಅಮ್ಮನ್ನ ಮೇಲ್ಗಡೆ ಮೂಲೇಲಿ ಒಬ್ಳನ್ನೇ ಇಟ್ಟು, ನೋಂದಣಿಗೆ ಅಧ್ಯಕ್ಷರ ಫೋಟೋ ಹಾಕ್ತೀನಿ," ಎಂದ.

ರೇವಣಸಿದ್ದಯ್ಯನವರ ಮುಖ ಕ್ಷಣಕಾಲ ಅರಳಿತು. ಏಕಾಂತಯ್ಯನ ಮುಖವೂ ಅರಳಿತು. "ಹಾಕಪ್ಪ, ಜಲ್ದಿ ಹಾಕು. ಸಾಲೆಲ್ಲ ಮನೆಗ್ ಹೋಗ್ಲಿ, ನಾನೊಬ್ನೇ ಸಾಯಂಕಾಲದ ಗಂಟ ಒತ್ತುತಾ ಕೂತಿರ್ತೀನಿ. ಕಣ್ಣಿಗೆ ಎರಡೆರಡ್ ಸಲ."

ಅಧ್ಯಕ್ಷರ ಮುಖ ಬಾಡಿತು. "ಬ್ಯಾಡ. ದುರ್ಗಯ್ಯನ್ನ ಕರ್ಕಂಬನ್ನಿ. ಅಮ್ಮನ್ನ ಮುಟ್ಟೋಕೆ ಅವನಿಗೊಬ್ಬನಿಗೇ ಹಕ್ಕಿರೋದು."

ಪೂಜಾರಿ ದುರ್ಗಯ್ಯ ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಬಂದ. ಮಾತು ಕಮ್ಮಿಯ ಆಸಾಮಿ. ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ. ಅವನ ಮೀಸೆಯ ತುದಿ ಒಂದಿಷ್ಟು ಅಲುಗಿದ್ದು ಭೀಮರಾಜುವಿಗೆ ಮಾತ್ರ ಕಂಡಿತು.

"ಅಪ್ಪಣೆ ಕೇಳ್ಬೇಕು," ಎಂದ ದುರ್ಗಯ್ಯ.

ಅಪ್ಪಣೆ ಎಂದರೆ ಹೂವಿನ ಪ್ರಸಾದ. ದೇವರ ನೆತ್ತಿಯ ಮೇಲೆ ಹೂವಿಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ದುರ್ಗಯ್ಯ ಪರದೆಯ ಮೇಲಂಚಿನ ನಡುವೆ ಒಂದು ಕಣಗಲೆ ಹೂವಿಟ್ಟು ಕೈಮುಗಿದ. ಹೂವು ಅಲ್ಲೇ ಕೂತಿತು. ಜನವೂ ಕೂತರು. ಗೋಡೆಯ ಗಡಿಯಾರ ನಡೆಯುತ್ತಿತ್ತು, ಹೂವು ಜಗ್ಗಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಪರದೆ ಕಪ್ಪಾಯಿತು.

"ಮುಖ ತಿರುಗುಸ್ಕಂಡ್ಲು!" ಎಂದು ಬೋರಮ್ಮ ಚೀರಿದಳು. ಅಧ್ಯಕ್ಷರು ಕುರ್ಚಿ ಬಿಟ್ಟೆದ್ದು ಗೋಡೆಗೆ ಒರಗಿದರು. ಹೊರಗೆ ಸಾಲು ಮುರಿದು ಜನ ಕಿಟಕಿಗೆ ಮುಗಿಬಿದ್ದರು. ತಪ್ಪು ಕಾಣಿಕೆಯ ಮಾತು ಎದ್ದಿತು. ಯಾರ ತಪ್ಪು ಎಂಬ ಮಾತೂ ಎದ್ದಿತು, ಎಲ್ಲರ ಕಣ್ಣೂ ಭೀಮರಾಜುವಿನ ಮೇಲೆ ಬಂದವು. ಅವನು ಮಂಗಳಾ ತಿರುಗಿ ನೋಡಿದ್ದ ಆ ನೋಟವನ್ನು ಮನಸ್ಸಿನಲ್ಲೇ ಅವಳಿಗೆ ವಾಪಸು ಕೊಟ್ಟ.

ಕರೆಂಟು ಬಂತು. ಕಂಪ್ಯೂಟರ್ ಗುರ್ರೆಂದು ಎಚ್ಚರವಾಗಿ, ಕಪ್ಪು ಪರದೆಯ ಮೇಲೆ ಮೊದಲು ನೀಲಿ ಹರಡಿತು. ತಕ್ಕಡಿ ಬಂತು, ಕುಕ್ಕೆ ಬಂತು, ಶೆಟ್ಟಿಕೆರೆ ಬಸ್ಸೂ ಬಂತು. ಕೊನೆಗೆ, ಎಲ್ಲರೂ ಕಾಯುತ್ತಿದ್ದಂತೆ, ಆ ಮೂರು ಕಣ್ಣು ಮೂಡಿದವು. ಕೋಣೆಯ ತುಂಬ ಒಂದೇ ಉಸಿರು ಎದ್ದಿತು. ಕಂಪ್ಯೂಟರ್ ಎಚ್ಚರವಾಗುವುದನ್ನು ಎಷ್ಟೋ ಸಲ ನೋಡಿದ್ದ ಭೀಮರಾಜುವಿನ ರೋಮವೂ ನಿಮಿರಿತು.

ಹೂವು ಮಾತ್ರ ಅಲ್ಲೇ ಇತ್ತು. ಇನ್ನು ತಡೆದರೆ ಖಾಯಂ ಹೋಗಲಿ, ಮೈಮೇಲಿನ ಅಂಗಿಯೂ ಉಳಿಯುವುದಿಲ್ಲವೆಂದು ಅವನು ಮೆಲ್ಲಗೆ ಹಿಂದೆ ಸರಿದು, ಪರದೆಯ ಹಿಂದಿದ್ದ ಟೇಬಲ್ ಫ್ಯಾನಿನ ಮುಖವನ್ನು ಎಡಗಡೆಯಿಂದ ಬಲಕ್ಕೆ ಬೀಸುವಂತೆ ತಿರುಗಿಸಿ ಗುಂಡಿ ಒತ್ತಿದ. ಹೂವು ಅಲ್ಲಾಡಿತು. ಬಲಕ್ಕೆ ವಾಲಿತು. ವಾಲಿದ್ದು ಅದೇಕೋ ತಡೆದು, ತಿರುಗಿ, ನೇರ ಮುಂದಕ್ಕೆ ಹಾರಿ, ಮೇಜಿನ ಮೇಲಿದ್ದ ಮೌಸಿನ ಬೆನ್ನ ಮೇಲೆ ಬಂದು ಕೂತಿತು.

ಫ್ಯಾನು ಹಾಕಿದ ಭೀಮರಾಜುವೇ ಬಾಯಿ ಬಿಟ್ಟುಕೊಂಡು ನಿಂತ.

"ಎಲ್ಲಿ ಒತ್ತಬೇಕು ಅಂತ ಜಾಗ ತೋರ್ಸವ್ಳೆ," ಎಂದ ದುರ್ಗಯ್ಯ. ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು, ಜನ್ಮದಲ್ಲಿ ಮೊದಲ ಸಲ ಮೌಸು ಹಿಡಿದು, ಮಂಗಳಾರತಿ ತಟ್ಟೆ ಬೆಳಗುವ ಹದದಲ್ಲಿ ಅದನ್ನು ಒಂದು ಸುತ್ತು ಸುತ್ತಿಸಿ, ಟಕ್ ಟಕ್ ಎಂದು ಎರಡು ಸಲ ಒತ್ತಿದ. ತಂತ್ರಾಂಶ ತೆರೆದುಕೊಂಡಿತು. ಬೋರಮ್ಮ ಎಲ್ಲಿಂದಲೋ ತಂದಿದ್ದ ಗಂಟೆ ಬಾರಿಸಿದಳು.

ನೋಂದಣಿ ಶುರುವಾಯಿತು. ಆದರೆ ಆ ತಂತ್ರಾಂಶದ ಸ್ವಭಾವ ಎಂಥದೆಂದರೆ, ಒಬ್ಬರದು ಮುಗಿದೊಡನೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಮತ್ತೆ ಅಮ್ಮ. ಮತ್ತೆ ದುರ್ಗಯ್ಯ. ಮಧ್ಯಾಹ್ನದ ಹೊತ್ತಿಗೆ ಬೆಳೆಗಾರರು ಪಹಣಿಯ ಜೊತೆ ಒಂದೊಂದು ಕಾಯಿಯನ್ನೂ ತರತೊಡಗಿದರು. ಬಾಗಿಲಲ್ಲಿ ಒಡೆದು, ಒಳಗೆ ಬಂದು ಕೈಮುಗಿದು, ಆಧಾರ್ ನಂಬರ್ ಹೇಳಿ, ತೀರ್ಥ ತೆಗೆದುಕೊಂಡು ಹೋಗುತ್ತಿದ್ದರು. ಕಾಯಿಯ ಚಿತ್ರಕ್ಕೆ ಕಾಯಿ ಒಡೆಯುವ ಆ ಸದ್ದು ಒಂದೊಂದೂ ಭೀಮರಾಜುವಿನ ತಲೆಯ ಮೇಲೇ ಬೀಳುತ್ತಿತ್ತು. ಆದರೂ ಕೆಲಸ ಮಾತ್ರ ಹಿಂದೆಂದೂ ನಡೆಯದಷ್ಟು ಅಚ್ಚುಕಟ್ಟಾಗಿ ನಡೆಯಿತು. ಯಾರೂ ಸಾಲು ಮುರಿಯಲಿಲ್ಲ, ಸುಳ್ಳು ಲೆಕ್ಕ ಹೇಳಲಿಲ್ಲ. ಏಕಾಂತಯ್ಯನಂತೂ ಪರದೆಯತ್ತ ಒಮ್ಮೆ ನೋಡಿ, ಬರೆಸಬೇಕೆಂದಿದ್ದ ಮರಗಳ ಲೆಕ್ಕವನ್ನು ತಾನಾಗಿಯೇ ಇಳಿಸಿಕೊಂಡ.

ಸಂಜೆ ಮೀಟಿಂಗ್ ಮುಗಿಸಿ ಹೊರಬಂದ ಅಧ್ಯಕ್ಷರು ಭೀಮರಾಜುವಿನ ಹೆಗಲ ಮೇಲೆ ಕೈಯಿಟ್ಟರು. ಅವನ ಎದೆ ತಮಟೆಯಾಯಿತು.

"ಖಾಯಂ ಮಾಡ್ಬಿಟ್ವಿ ಕಣಯ್ಯ."

"ದೊಡ್ ಉಪಕಾರ ಅಧ್ಯಕ್ಷ್ರೇ!"

"ದುರ್ಗಯ್ಯನ್ನ."

ಭೀಮರಾಜುವಿನ ಎದೆಯ ತಮಟೆ ನಿಂತಿತು.

"ನೀನೇ ಯೋಚ್ನೆ ಮಾಡು," ಎಂದರು ಅಧ್ಯಕ್ಷರು, ಮಗುವಿಗೆ ತಿಳಿಹೇಳುವ ದನಿಯಲ್ಲಿ. "ಇರೋದು ಒಂದೇ ಪೋಸ್ಟು. ಆಪರೇಟರ್ ಅಂದ್ರೆ ಒತ್ತೋನು. ಒತ್ತೋಕೆ ಹಕ್ಕಿರೋನು ದುರ್ಗಯ್ಯ ಒಬ್ನೇ. ನೀನು ಟೈಪ್ ಮಾಡೋನು. ನೀನು ಹಿಂಗೇ ಹಂಗಾಮೀಲಿ ಇರು, ಅಮ್ಮ ನೋಡ್ಕಂತಾಳೆ. ಏಕಾಂತಯ್ಯನೂ ಕೈ ಎತ್ತಿದ ಕಣಯ್ಯ! ಅವನೂ ನಾನೂ ಒಂದ್ ಮಾತಿಗೆ ಒಪ್ಪಿದ್ದು ಇದೇ ಮೊದ್ಲು."

ಅವರು ಹೋದರು. ಖಾಯಂ ಆಪರೇಟರ್ ದುರ್ಗಯ್ಯ ಬಾಗಿಲಲ್ಲಿ ಕೂತು ಒಡೆದ ಕಾಯಿಯ ಹೋಳುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಭೀಮರಾಜು ಅವನ ಪಕ್ಕ ಕುಕ್ಕರಿಸಿದ.

"ದುರ್ಗಣ್ಣ, ಆ ಚಿತ್ರ ಅಮ್ಮಂದಲ್ಲ. ಕಾಯಿ."

"ಗೊತ್ತು ಬುಡು."

"ಗೊತ್ತಾ? ಯಾವಾಗ್ಲಿಂದ?"

"ಬೆಳಿಗ್ಗೆ ಬಂದೇಟ್ಗೇ ಗೊತ್ತಾಯ್ತು. ದಿನಾ ಮುಟ್ಟಿ ಪೂಜೆ ಮಾಡೋನ್ಗೆ ಗೊತ್ತಾಗಲ್ವಾ?" ದುರ್ಗಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಮ್ಮನ ಬೆಳ್ಳಿ ಮುಖದ ಹಿಂದೆ ಏನೈತೆ ಅಂದ್ಕಂಡಿದ್ದೀಯ? ಊರೆಲ್ಲ ಕಲ್ಲು ಅಂದ್ಕಂಡೈತೆ. ಕಳಸದ ಮೇಲೆ ಒಂದ್ ಕಾಯಿ ಕಣಪ್ಪ. ಅಮಾಸೆ ಅಮಾಸೆಗೆ ಹೊಸ ಕಾಯಿ ಇಡ್ತೀನಿ. ನಮ್ಮಪ್ಪ ಇಡ್ತಿದ್ದ, ನಮ್ ತಾತ ಇಡ್ತಿದ್ದ."

ಭೀಮರಾಜುವಿಗೆ ಕೂತ ನೆಲ ಒಂದಿಷ್ಟು ಕದಲಿದಂತಾಯಿತು. ಊರಿಗೆ ಊರೇ ಹೊಸಿಲ ಆಚೆ ನಿಂತು ನಡುಗಿದ್ದು, ಅವನ ಅವ್ವ ಹರಕೆ ಹೊತ್ತದ್ದು, ಅವನು ಪರೀಕ್ಷೆಗೆ ಮುಂಚೆ ಅಡ್ಡಬಿದ್ದದ್ದು ಎಲ್ಲ ಅದಕ್ಕೇ. "ಹಂಗಾದ್ರೆ ಅಮ್ಮ?"

"ಅಮ್ಮ ಅಮ್ಮನೇ. ಕಾಯಿ ಕಾಯೇ. ಎರಡ್ರಲ್ಲಿ ಯಾವ್ದೂ ಸುಳ್ಳಲ್ಲ." ದುರ್ಗಯ್ಯ ಚೀಲದ ಬಾಯಿ ಕಟ್ಟಿದ.

"ಹಂಗಿದ್ರೆ ಜನಕ್ಕೆ ಹೇಳಿ ಅಣ್ಣ. ಇದು ಬರೀ ಕಾಯಿ, ಯಾರ್ ಬೇಕಾದ್ರೂ ಒತ್ತಬೋದು ಅಂತ. ನನ್ ಮದ್ವೆ ನಿಂತೈತೆ."

"ನಿನ್ ಕಾಯಿ ಬರೀ ಕಾಯಿ ಅಂದ್ರೆ ನಾಳೆ ನನ್ ಕಾಯಿನೂ ಬರೀ ಕಾಯಿ ಆಯ್ತದೆ ಕಣಪ್ಪ," ಎಂದು ದುರ್ಗಯ್ಯ ಚೀಲವನ್ನು ಹೆಗಲಿಗೇರಿಸಿದ. "ಒತ್ತೋ ಹಂಗಿದ್ರೆ ನೀನೇ ಒತ್ತು. ಯಾರ್ ಬ್ಯಾಡ ಅಂದ್ರು? ಒಳಗೆ ಯಾರೂ ಇಲ್ಲ." ಗುಡಿಯ ದೀಪದ ಹೊತ್ತಾಯಿತೆಂದು ಅವನು ಕೋಡಿಯ ದಾರಿ ಹಿಡಿದ.

ದಿನದ ನೋಂದಣಿಯನ್ನೆಲ್ಲ ಆರು ಗಂಟೆಯೊಳಗೆ ತಾಲ್ಲೂಕಿಗೆ ಕಳಿಸಬೇಕು. ತಡವಾದರೆ ಇಡೀ ಊರಿನ ಕೆಲಸ ನೀರುಪಾಲು. ಕಳಿಸಲು ತಂತ್ರಾಂಶ ತೆರೆಯಬೇಕು. ಭೀಮರಾಜು ಸಿಟ್ಟಿನಿಂದಲೇ ಹೋಗಿ ಕುರ್ಚಿಯಲ್ಲಿ ಕೂತ. ಮೌಸು ಹಿಡಿದ. ಕಾಯಿ ಅಂದುಕೊಂಡ. ಇಲ್ಲಿ ಕಂದು ತುಂಬಿದವನು ನಾನು, ಆ ಬಿಳಿ ಚುಕ್ಕೆ ನನ್ನದು, ಆ ಮೂರನೇ ಕಣ್ಣು ಇಟ್ಟದ್ದು ಭಾನುವಾರ ಸಂಜೆ.

ಬಾಣ ಹೋಗಿ ನಿಂತಿತು. ಕಣ್ಣಿಗೆ ಬೇಡ ಎನ್ನಿಸಿ ಜುಟ್ಟಿಗೆ ಸರಿಸಿದ. ಬೆರಳು ಗುಂಡಿಯ ಮೇಲಿತ್ತು. ಒತ್ತಬೇಕಾದ ಬೆರಳು ತನ್ನದಲ್ಲವೇನೋ ಎಂಬಂತೆ ಸುಮ್ಮನೆ ಇತ್ತು. ಹಿಂಬಾಗಿಲು ನೆನಪಾಯಿತು. ಬಾಣವನ್ನು ಕೆಳಮೂಲೆಗೆ ಒಯ್ದ. ಮೂರು ಕಣ್ಣೂ ಬಾಣದ ಹಿಂದೆಯೇ ಬಂದವು. ಹಾಗೆ ಬರುವುದು ಸಾಧ್ಯವಿಲ್ಲ, ಚಿತ್ರ ಕದಲುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಗಡಿಯಾರದ ಮುಳ್ಳು ಆರರ ಹತ್ತಿರ ಬಂತು.

ಭೀಮರಾಜು ಕಿಟಕಿಗೆ ಓಡಿದ. "ದುರ್ಗಣ್ಣಾ! ಒಸಿ ಬಂದು ಒತ್ತಿಕೊಟ್ಟು ಹೋಗಣ್ಣಾ!"

ಕೆರೆ ಏರಿಯ ಮೇಲೆ ಹೋಗುತ್ತಿದ್ದ ದುರ್ಗಯ್ಯ ನಿಂತ. "ಕಾಯಿ ಅಂದ್ಯಲ್ಲಪ್ಪಾ?" ಎಂದು ಅಲ್ಲಿಂದಲೇ ಕೂಗಿದ.

ಭೀಮರಾಜು ಆಗ ತಾನೇ ನೆನಪಾಗಿ, ಬಗ್ಗಿ ಕಾಲಿನ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು ಹೋಗಿ ಬಾಗಿಲ ಹೊರಗೆ ಬಿಟ್ಟು ಬಂದ.